ಒಬ್ಬಾಕಿಗೇ ಮಾಡಿದ ಲಸಿಕೆ

ಕನ್ನಡ ಬಾರದ ಡಾಕ್ಟರ ಮಾತನ್ನು ರೋಗಿಗಳಿಗೆ ತಿಳಿಸುವುದು ನನ್ನ ಕೆಲಸ. ಅಂದು ಎದುರಿಗಿದ್ದವರು ಸರಸಂಬಾ ಊರಿನ ಶಾಂತಾಬಾಯಿ. ಅವರ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಅದು ಮರಳಿ ಬಾರದಂತೆ ತಡೆಯಬಹುದೆಂಬ ಪ್ರಾಯೋಗಿಕ ಲಸಿಕೆಯೊಂದು, ಆ ಗಡ್ಡೆಯನ್ನೇ ಪರೀಕ್ಷಿಸಿ ತಯಾರಾಗಿ ಬಂದಿತ್ತು.

“ಇದು ನಿಮಗೊಬ್ಬರಿಗಾಗಿಯೇ ಮಾಡಿದ್ದು” ಎಂದು ಡಾಕ್ಟರು ಹೆಮ್ಮೆಯಿಂದ ಹೇಳಿದರು. ನಾನೂ ಅಷ್ಟೇ ಹೆಮ್ಮೆಯಿಂದ ಅನುವಾದಿಸಿದೆ. ಶಾಂತಾಬಾಯಿ ಚಾಚಿದ್ದ ತೋಳನ್ನು ಸೆರಗಿನೊಳಗೆ ಎಳೆದುಕೊಂಡರು.

“ನನಗೊಬ್ಬಾಕಿಗೇನ್ರಿ? ಜೇವರ್ಗಿಯಾಗ ನಮ್ಮ ನೆಗೆಣ್ಣಿಗೂ, ಮೈದುನನ ಹೇಣ್ತಿಗೂ, ಇದೇ ಆಪರೇಷನ್ ಆಗ್ಯಾದ. ಅರ್ಧ ಆಕಿಗಿ ಕೊಡ್ರಿ.”

“ಆಕಿಗಿ ಇದು ನಾಟಂಗಿಲ್ಲವ್ವ” ಎಂದೆ.

“ಹಂಗಾದ್ರ ನನಗೂ ಬ್ಯಾಡ್ರಿ. ಆಕಿನ ಬಿಟ್ಟು ನಾ ಒಂದು ಗುಳಗಿ ಸೈತ ನುಂಗಿಲ್ಲ.”

ಅವರಿಗೆ ಅರ್ಥವಾಗಿಲ್ಲವೆಂದುಕೊಂಡ ಡಾಕ್ಟರು “ನಿಮಗೊಬ್ಬರಿಗೇ” ಎಂಬುದನ್ನು ಇನ್ನಷ್ಟು ಜೋರಾಗಿ ಹೇಳಿದರು. ಶಾಂತಾಬಾಯಿ ಎದ್ದು ಚಪ್ಪಲಿ ಹುಡುಕತೊಡಗಿದರು.

“ಯವ್ವಾ, ಇದು ಬ್ಯಾರೆ ಯಾರಿಗೂ ಬರಂಗಿಲ್ಲ. ನೀವು ಬ್ಯಾಡಂದ್ರ ಚೆಲ್ಲತಾರ” ಎಂದೆ.

“ಚೆಲ್ಲತಾರ?” ಶಾಂತಾಬಾಯಿ ಮತ್ತೆ ಕುಳಿತರು. “ಅಯ್ಯ, ಇಷ್ಟೆಲ್ಲಾ ಮಾಡಿಟ್ಟು ಚೆಲ್ಲೂದೇನ್ರಿ! ತರ್ರಿ, ನನಗೇ ಹಾಕ್ರಿ.”

ಸೂಜಿ ಚುಚ್ಚಿದ ಮೇಲೆ ಡಾಕ್ಟರು, ಯಾವ ವಿವರಣೆಯಿಂದ ಇವರು ಒಪ್ಪಿದರೆಂದು ನನ್ನನ್ನು ಕೇಳಿದರು. ಲಸಿಕೆಯ ಮಹತ್ವ ತಿಳಿಯಿತಂತೆ ಎಂದೆ. ರಾತ್ರಿ ಉಳಿದ ರೊಟ್ಟಿ ಮರುದಿನ ಮನೆಯಲ್ಲಿ ಯಾರ ಪಾಲು ಎಂಬುದನ್ನು ವಿವರಿಸಬಹುದಿತ್ತು. ಆದರೆ ಅವರು ಅದನ್ನೂ ಚಿಕಿತ್ಸಾ ವಿಧಾನಕ್ಕೆ ಸೇರಿಸಿಬಿಟ್ಟಾರು.