ಎರಡು ಬಡಿತ, ಆಮೇಲೆ ಒಂದು

೧೯೯೮ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಮರುವಾರವೇ ಬ್ರಹ್ಮಾವರದಲ್ಲಿ ಬಾಬಣ್ಣನ ಗ್ಯಾರೇಜು ಸೇರಿ ಹದಿನೈದು ವರ್ಷ ದುಡಿದೆ. ಕಲಿತದ್ದೆಲ್ಲ ಅಲ್ಲಿ. ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶಕುನ, ಸೂಚನೆ, ಸತ್ತವರು ಬಂದು ಹೇಳಿದರು ಎನ್ನುವ ಕತೆ ಕೇಳಿದರೆ ನಾನು ಎದುರಿಗೇ ನಗುತ್ತಿದ್ದವನು. ಗಾಡಿಯಲ್ಲಿ ಸದ್ದು ಬಂತೆಂದರೆ ಅದಕ್ಕೊಂದು ಕಬ್ಬಿಣದ ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ಹುಡುಕಿದವನು ಸೋಮಾರಿ. ಬಾಬಣ್ಣ ಕಲಿಸಿದ್ದು ಇದನ್ನೇ.

ಎಂಟು ವರ್ಷದ ಹಿಂದೆ, ಕುಂದಾಪುರದಲ್ಲಿ ನನ್ನದೇ ಗ್ಯಾರೇಜು ಹಾಕಿದ ಹೊಸತು. ಬಾಬಣ್ಣ ತೀರಿಕೊಂಡು ವರ್ಷವಾಗಿತ್ತು. ಮುಂಬಯಿಯ ಹೋಟೆಲು ಮಗನಿಗೆ ಬಿಟ್ಟು ಊರಿಗೆ ಬಂದಿದ್ದ ಬಿಜೂರಿನ ಹಿರಿಯಣ್ಣ ಎನ್ನುವವರು, ಮುಂಬಯಿಯಿಂದಲೇ ಓಡಿಸಿಕೊಂಡು ಬಂದ ಬಿಳಿ ಕಾರನ್ನು ನನ್ನ ಅಂಗಳದಲ್ಲಿ ನಿಲ್ಲಿಸಿದರು.

“ಹ್ವಾಯ್, ಹಿಂದ್‌ಗಡೆ ಯಾರೋ ಕೂಕಂಡ್ ತಟ್ದಂಗೆ ಆತ್ತ್ ಮಾರಾಯ. ನನ್ನ ಹೆಂಡ್ತಿ ಈ ಕಾರ್ ಹತ್ತುದೇ ಇಲ್ಲ ಅಂತ್ಳ್.”

ಬೈಂದೂರಿನವರೆಗೆ ಓಡಿಸಿದೆ. ಸದ್ದು ನಿಜ. ಎರಡು ಬಡಿತ ಒಟ್ಟಿಗೆ, ತುಸು ತಡೆದು ಇನ್ನೊಂದು. ಆಮೇಲೆ ಬಹಳ ದೂರ ಏನೂ ಇಲ್ಲ. ನಂತರ ಮತ್ತೆ ಅದೇ. ಚಕ್ರದ ಸದ್ದಾದರೆ ವೇಗದ ಜೊತೆ ಏರಬೇಕು. ಎಂಜಿನಿನದಾದರೆ ನಿಂತಲ್ಲೇ ಆಕ್ಸಿಲೇಟರ್ ಒತ್ತಿದಾಗ ಕೇಳಬೇಕು. ಇದು ಎರಡೂ ಅಲ್ಲ. ಇಪ್ಪತ್ತರಲ್ಲಿ ಹೋದರೂ ಎಂಬತ್ತರಲ್ಲಿ ಹೋದರೂ ಒಂದೇ ಲಯ.

ಲಿಂಕ್ ರಾಡ್ ಬದಲಿಸಿದೆ, ಬುಷ್ ಬದಲಿಸಿದೆ, ಸೈಲೆನ್ಸರಿನ ರಬ್ಬರು ಹೊಸತು ಹಾಕಿದೆ. ಸ್ಟೆಪ್ನಿ ಇಳಿಸಿ ಓಡಿಸಿದೆ, ಹಿಂದಿನ ಸೀಟು ಬಿಚ್ಚಿಟ್ಟು ಓಡಿಸಿದೆ. ಗಾಡಿ ಮೂರು ಸಲ ಹೋಗಿ ಮೂರು ಸಲವೂ ವಾಪಸು ಬಂತು. ಎದುರಿನ ಚಾ ಅಂಗಡಿಯ ಶೀನನಿಗೆ ಹಬ್ಬ.

“ಎಂಟ್ನೇ ಕ್ಲಾಸಿಗೆ ಸಿಕ್ಕು ಸದ್ದಲ್ಲ ಮಾರಾಯ ಅದ್. ಒಂಬತ್ನೇದ್ರಗೆ ಪಾಠ ಇದ್ದಿತ್ ಕಾಣ್!”

ನಕ್ಕೆ. ಒಳಗೆ ಉರಿಯಿತು. ಹಿರಿಯಣ್ಣ ಒಳ್ಳೆಯವರೇ, ಆದರೂ ಕೊನೆಗೆ ಹೇಳಿಬಿಟ್ಟರು: “ನಿನ್ನ ಮೇಲೆ ಬೇಜಾರಿಲ್ಲ. ಆಯ್ತಾರ ಸಂಜಿ ತನ್ಕ ಕಾಣ್ತೆ. ಸಿಕ್ಲಿಲ್ಯಾ, ಸೋಮಾರ ಕಂಪೆನಿ ವರ್ಕ್‌ಶಾಪಿಗೆ ಕೊಂಡ್ಹೋತೆ.” ಕಾರು ಹೋದರೆ ಅದರ ಹಿಂದೆಯೇ ನನ್ನ ಹೆಸರೂ ಹೋಗುತ್ತಿತ್ತು. ಶಾಲೆ ಬಿಟ್ಟವನಿಗೆ ಇದ್ದದ್ದು ಅದೊಂದೇ.

ಆ ಭಾನುವಾರ ಮಧ್ಯಾಹ್ನ ಗೇಟಿಗೆ ಸರಪಳಿ ಹಾಕಿ ಒಬ್ಬನೇ ಕೂತೆ. ಇಡೀ ಗಾಡಿ ಬಿಚ್ಚಬೇಕಾದರೂ ಸರಿ, ಸದ್ದು ಹಿಡಿಯದೆ ಏಳುವುದಿಲ್ಲ ಎಂದು ಹಟ. ಹಿಂದಿನ ಎರಡೂ ಚಕ್ರ ಕಳಚಿದೆ. ಇದ್ದ ಎರಡು ಕಬ್ಬಿಣದ ಸ್ಟ್ಯಾಂಡು ಬೇರೆ ಗಾಡಿಯ ಅಡಿಯಲ್ಲಿದ್ದವು. ಅವನ್ನು ಬಿಡಿಸುವ ತಾಳ್ಮೆ ಇರಲಿಲ್ಲ. ಕಾಂಪೌಂಡು ಕಟ್ಟಿ ಉಳಿದ ಮುರಕಲ್ಲು ಮೂಲೆಯಲ್ಲಿ ಮಳೆಗೆ ನೆನೆದು ಬಿದ್ದಿತ್ತು. ನಮ್ಮ ಕಡೆ ಯಾವುದಕ್ಕೆ ಆಧಾರ ಬೇಕಾದರೂ ಕೈ ಹೋಗುವುದು ಆ ಕೆಂಪು ಜಂಬಿಟ್ಟಿಗೆ ಕಲ್ಲಿಗೇ. ಜಾಕಿನ ಪಕ್ಕಕ್ಕೆ ಎರಡು ಕಲ್ಲು ಒಂದರ ಮೇಲೊಂದು ಇಟ್ಟೆ. “ಮುರಕಲ್ಲ್ ಗ್ವಾಡೆಗೆ, ಗಾಡಿ ಅಡಿಗಲ್ಲ. ಅದನ್ನ್ ನಂಬಿ ಹೋಪುಕಾಗ” ಎಂದು ಬಾಬಣ್ಣ ನೂರು ಸಲ ಬೈದದ್ದು ನೆನಪಿತ್ತು. ನೆನಪಿದ್ದೂ ಇಟ್ಟೆ.

ಅಡಿಗೆ ತೆವಳಿ, ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ಇನ್ನೊಂದು ಕೈಯಿಂದ ಒಂದೊಂದೇ ಬೋಲ್ಟು ತಟ್ಟಿ ಕೇಳುತ್ತಿದ್ದೆ. ಎಂಜಿನ್ ಬಂದ್. ಕೀಲಿ ನನ್ನ ಜೇಬಿನಲ್ಲಿ.

ಆಗ ಬಡಿಯಿತು. ಟಕ್ ಟಕ್. ತುಸು ತಡೆದು, ಟಕ್. ನೇರ ನನ್ನ ತಲೆಯ ಮೇಲಿನ ತಗಡಿನಲ್ಲಿ.

ನಾನು ಯೋಚಿಸಲಿಲ್ಲ. ಮೈ ತಾನಾಗಿ ಹೊರಗೆ ಜಾರಿತು. ಎದ್ದು ನಿಂತು, “ಯಾರ್ ಅದ್?” ಎಂದು ಕೇಳಿದೆ. ಅಂಗಳ ಖಾಲಿ. ಗೇಟಿನ ಸರಪಳಿ ಹಾಕಿದ ಹಾಗೇ ಇತ್ತು. ಅಷ್ಟರಲ್ಲಿ ಜಾಕು ಉಸಿರು ಬಿಟ್ಟು ಕುಸಿಯಿತು, ಕಲ್ಲು ಪುಡಿಯಾಯಿತು, ಕಾರಿನ ಹಿಂಭಾಗ ನೆಲ ಕಂಡಿತು. ನನ್ನ ತಲೆಯಿದ್ದ ಜಾಗದಲ್ಲಿ ಬಿಟ್ಟಿದ್ದ ಟಾರ್ಚು ಚಪ್ಪಟೆಯಾಗಿತ್ತು.

ಆ ಬಡಿತ ಯಾವುದೆಂದು ಗೊತ್ತಾದದ್ದು ಆಮೇಲೆ. ಬಾಬಣ್ಣನ ಗ್ಯಾರೇಜಿನಲ್ಲಿ ಕಂಪ್ರೆಸರ್ ಗದ್ದಲಕ್ಕೆ ಕೂಗಿದ್ದು ಕೇಳುತ್ತಿರಲಿಲ್ಲ. ಗಾಡಿಯ ಅಡಿ ಇದ್ದವನಿಗೆ ಅವರು ಸ್ಪ್ಯಾನರಿನಿಂದ ತಗಡಿನ ಮೇಲೆ ತಟ್ಟಿ ಹೇಳುತ್ತಿದ್ದರು. ಒಂದು ತಟ್ಟಿದರೆ ಹಿಡಿದುಕೋ. ಎರಡಾದರೆ ಬಿಡು. ಎರಡು ತಟ್ಟಿ, ತಡೆದು ಇನ್ನೊಂದು ತಟ್ಟಿದರೆ, ಇದ್ದದ್ದು ಇದ್ದ ಹಾಗೇ ಬಿಟ್ಟು ಹೊರಗೆ ಬಾ. ಹದಿನೈದು ದಿನ ಅದನ್ನೇ ರಸ್ತೆಯಲ್ಲಿ ಕೇಳಿದ್ದೆ, ಗುರುತು ಹತ್ತಿರಲಿಲ್ಲ.

ಸಂಜೆ ಹಿರಿಯಣ್ಣ ಬರುವಷ್ಟರಲ್ಲಿ ಕಾರನ್ನು ಸರಿಯಾಗಿ ಎತ್ತಿ ಚಕ್ರ ಹಾಕಿ ನಿಲ್ಲಿಸಿದ್ದೆ. “ಸದ್ದ್ ಸಿಕ್ಲಿಲ್ಲ ಅಣ್ಣ. ಸೋತೆ” ಎಂದೆ. ಬದುಕಿನಲ್ಲಿ ಆ ಮಾತು ಅದೊಂದೇ ಸಲ ಹೇಳಿದ್ದು. ಅವರು ಕೀಲಿ ತೆಗೆದುಕೊಂಡು ಓಡಿಸಿಕೊಂಡು ಹೋದರು. ಬಿಜೂರು ಮುಟ್ಟಿ ಫೋನು ಮಾಡಿದರು: “ಎಂತ ತಮಾಷಿ ಮಾಡ್ತ್ಯಾ? ಸದ್ದೇ ಇಲ್ಲ! ಎಂತ ಮಾಡ್ದೆ?”

ಏನೂ ಮಾಡಿರಲಿಲ್ಲ. ಇವತ್ತಿನವರೆಗೂ ಆ ಕಾರು ನನ್ನಲ್ಲಿಗೇ ಬರುತ್ತದೆ. ಸದ್ದು ಮತ್ತೆ ಬಂದಿಲ್ಲ.

ನೀವು ಹೇಳಬಹುದು, ಕಲ್ಲು ಬಿರಿದ ಸದ್ದು ಅದು ಎಂದು. ನನಗೂ ಹಾಗೇ ಅನಿಸಿತು. ನಾಲ್ಕು ಮುರಕಲ್ಲು ವಾರವಿಡೀ ನೀರಲ್ಲಿ ನೆನೆಸಿ, ಒಂದೊಂದರ ಮೇಲೂ ಗಾಡಿಯ ಭಾರ ಇಳಿಸಿ ಒಡೆದು ನೋಡಿದೆ. ನಾಲ್ಕೂ ‘ಪುಸ್ಸ್’ ಎಂದು ಕುಸಿದವು. ಒಂದೂ ಬಡಿಯಲಿಲ್ಲ. ಸರಿ, ಬಡಿದಿತ್ತೆಂದೇ ಇಟ್ಟುಕೊಳ್ಳಿ. ಹಾಗಾದರೆ ರಸ್ತೆಯಲ್ಲಿ ಹಿರಿಯಣ್ಣನ ಹೆಂಡತಿಗೆ ಕೇಳಿಸಿದ್ದು ಏನು? ಆ ಕಾರನ್ನು ಬಾಬಣ್ಣ ಕಣ್ಣಿಂದಲೂ ಕಂಡವರಲ್ಲ. ಕಾರಣ ಹುಡುಕುವುದನ್ನು ನಾನು ಇನ್ನೂ ಬಿಟ್ಟಿಲ್ಲ.

ಈಗ ನನಗಿರುವುದು ಇಷ್ಟು: ಒಂದು ಗ್ಯಾರೇಜು, ಎರಡು ಲಿಫ್ಟು, ಎಂಟು ಕಬ್ಬಿಣದ ಸ್ಟ್ಯಾಂಡು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎರಡು ಕೈ, ಎರಡು ಕಾಲು. ಅಂಗಳದಲ್ಲಿ ಮುರಕಲ್ಲು ಒಂದೂ ಇಲ್ಲ.