ಗೋಡೆಗೆ ತಟ್ಟಿದ ಕರ್ಬೂಜ

ಆದೋನಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಬ್ಲೌಸ್ ಹೊಲಿಯುತ್ತಿದ್ದಳು. ಕೊರಳಲ್ಲಿ ಟೇಪು ಹಾಕಿಕೊಂಡೇ ಹಿತ್ತಲಿಗೆ ಹೋಗಿ, ತನ್ನ ಅತ್ತೆಯ ಕಾಲದಿಂದ ಬಂದ ನಾಟಿ ಕರ್ಬೂಜಗಳನ್ನು ಬಗ್ಗಿ ಮೂಸಿ ನೋಡುತ್ತಿದ್ದಳು. ಕೀಳುತ್ತಿರಲಿಲ್ಲ, ತೊಟ್ಟು ತಾನಾಗಿ ಬಿಡುವವರೆಗೆ ಕಾಯುತ್ತಿದ್ದಳು. ಬಂದವರಿಗೆಲ್ಲ ಹೋಳು ಕೊಡುತ್ತಿದ್ದಳು, ಆದರೆ ಅಲ್ಲೇ ಕೂತು ತಿನ್ನಬೇಕು. "ಹಣ್ಣು ನಿಂದು, ಬೀಜ ನಂದು" ಎಂದು ಅಂಗೈ ಚಾಚುತ್ತಿದ್ದಳು. ನನಗದು ಜಿಪುಣತನ ಅನ್ನಿಸುತ್ತಿತ್ತು. ಆ ಬೀಜಗಳನ್ನು ಸಗಣಿಯಲ್ಲಿ ಕಲೆಸಿ, ಎರಡೂ ಮನೆಗಳ ನಡುವಿನ ಗೋಡೆಗೆ ಕುಳ್ಳಿನಂತೆ ತಟ್ಟಿಡುತ್ತಿದ್ದಳು. ಮುಂದಿನ ಬಿತ್ತನೆಯವರೆಗೆ ಹುಳ ಮುಟ್ಟುತ್ತಿರಲಿಲ್ಲ.

ಒಂದು ವರ್ಷ ನಮ್ಮ ಮನೆಗೆ ಬಣ್ಣ ಬಳಿಯಲು ಬಂದವನು ಅದನ್ನು ಬರೀ ಕುಳ್ಳೆಂದುಕೊಂಡು ಕೆರೆದು, ಗೋಡೆ ತೊಳೆದುಬಿಟ್ಟ. ಎರಡು ದಿನ ಆಕೆಯ ಹೊಲಿಗೆ ಯಂತ್ರದ ಸದ್ದೇ ಕೇಳಲಿಲ್ಲ.

ಮೂರನೆಯ ದಿನ ನಾನು ತಲೆ ತಗ್ಗಿಸಿ ಹೋಗಿ ಒಂದು ಬೆಂಕಿಪೊಟ್ಟಣ ಕೊಟ್ಟೆ. ಕಳೆದ ಬೇಸಿಗೆಯಲ್ಲಿ ಆಕೆಯ ಕಣ್ಣು ತಪ್ಪಿಸಿ, ದವಡೆಯಲ್ಲಿ ಅಡಗಿಸಿ ತಂದಿದ್ದ ಒಂದಿಷ್ಟು ಬೀಜಗಳು ಅದರಲ್ಲಿದ್ದವು.

ಆಕೆ ಅರ್ಧ ಬೀಜಗಳನ್ನು ಸೆರಗಿಗೆ ಕಟ್ಟಿಕೊಂಡು, ಉಳಿದವನ್ನು ನನಗೇ ಮರಳಿಸಿದಳು. "ಇವು ನಿನ್ನ ಹತ್ರಾನ ಇರಲಿ. ಗೋಡಿಗಿಂತ ಕಳ್ಳರ ಮನಿ ಭದ್ರ ಐತಿ."

ಆ ಬೇಸಿಗೆಯಲ್ಲಿ ನನ್ನ ಹಿತ್ತಲಲ್ಲೂ ಒಂದು ಕರ್ಬೂಜ ತೊಟ್ಟು ಬಿಟ್ಟಿತು. ಮೊದಲ ಹೋಳು ಆಕೆಗೇ ಒಯ್ದೆ. ಕಣ್ಣು ಮುಚ್ಚಿ ನಿಧಾನವಾಗಿ ತಿಂದಳು. ಆಮೇಲೆ ಒಂದು ಕೆನ್ನೆ ಉಬ್ಬಿಸಿಕೊಂಡೇ ಹೇಳಿದಳು:

"ಕೈ ಚಾಚು. ಬೀಜ ನಿಂದು."