ಕನ್ಯಾ ನೋಡಲು ಬಂದವರು ಗಾಡಿ ನೋಡಿದರು

ಚಹಾದ ತಾಟು ಹಿಡಿದು ಪಡಸಾಲೆಗೆ ಬಂದರೆ, ನನ್ನನ್ನು ನೋಡಲು ಬಂದಿದ್ದ ಹುಡುಗನೇ ಅಲ್ಲಿಲ್ಲ! ಏಕಸಂಬಿಯಿಂದ ಬಂದಿದ್ದ ಅವನ ತಂದೆ-ತಾಯಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಂಗಳದಿಂದ ಬಡಬಡ ಸದ್ದು, ಮನೆ ತುಂಬ ಹೊಗೆ.

ಎಂಬತ್ತರ ದಶಕದ ಮಾತು. ನಮ್ಮಣ್ಣನ ಮೋಟಾರ್ ಸೈಕಲ್ಲಿಗೆ ಎರಡು ಕಾರ್ಬೊರೇಟರ್. ಎರಡೂ ಒಂದೇ ಸಮನೆ ಪೆಟ್ರೋಲ್ ಎಳೆಯದಿದ್ದರೆ ಗಾಡಿ ಕೆಮ್ಮುತ್ತಿತ್ತು. ಇವತ್ತೊಂದು ದಿನ ಅದನ್ನು ಮುಟ್ಟಬೇಡ ಎಂದು ಅವ್ವ ಕೈಮುಗಿದು ಹೇಳಿದ್ದರೂ ಅಣ್ಣ ಬೆಳಿಗ್ಗೆಯಿಂದ ಅದರ ಮುಂದೆಯೇ ಕೂತಿದ್ದ. ಈಗ ಹುಡುಗನೂ ಬಿಳಿ ಅಂಗಿಯ ತೋಳು ಮಡಚಿ ಅವನೆದುರು ಕೂತಿದ್ದ. ಒಬ್ಬ ಎಡಗಡೆಯ ಸ್ಕ್ರೂ ತಿರುಗಿಸಿದರೆ ಇನ್ನೊಬ್ಬ ಬಲಗಡೆಯದು.

ನನಗೆ ಸಿಟ್ಟು ನೆತ್ತಿಗೇರಿತು. ತಾಟು ಹಿಡಿದೇ ಅಂಗಳಕ್ಕಿಳಿದು, "ನೀವು ಕನ್ಯಾ ನೋಡಾಕ ಬಂದೀರೋ, ಗಾಡಿ ನೋಡಾಕ ಬಂದೀರೋ?" ಎಂದು ಕೇಳಿಯೇಬಿಟ್ಟೆ. ಒಳಗೆ ಅವ್ವ ಹಣೆ ಬಡಿದುಕೊಂಡಳು.

ಹುಡುಗ ತಲೆಯೆತ್ತಿದ. ಒಂದಿಷ್ಟೂ ಮುಜುಗರವಿಲ್ಲ! "ಆ ತಾಟು ಕೆಳಗಿಟ್ಟು ಸ್ವಲ್ಪ ಎಕ್ಸಲೇಟರ್ ಹಿಡೀರಿ. ನಮಗ ಇನ್ನೊಂದು ಕೈ ಬೇಕಾಗೇತಿ" ಎಂದ.

ಬೈಯಬೇಕೆಂದುಕೊಂಡವಳು ಹಿಡಿದೆ. ಬಳೆ ತುಂಬಿದ ಕೈಯಿಂದ ಮೆಲ್ಲಗೆ ತಿರುವಿದೆ. ಅವರಿಬ್ಬರೂ ಸ್ಕ್ರೂ ಹದ ಮಾಡುತ್ತ ಹೋದಂತೆ ಕೆಮ್ಮು ನಿಂತು, ಗಾಡಿ ಒಂದೇ ಉಸಿರಿನಲ್ಲಿ ಗುನುಗತೊಡಗಿತು. ನನಗೆ ನಗು ಬಂತು. ಬರಬಾರದಿತ್ತು, ಬಂತು.

ಅದಕ್ಕೂ ಮೊದಲು ನೋಡಲು ಬಂದವರೆಲ್ಲ ನನ್ನ ನಡಿಗೆ ನೋಡಿದ್ದರು, ಹಾಡು ಕೇಳಿದ್ದರು. ಒಂದು ಕೆಲಸಕ್ಕೆ ಕೈ ಹಚ್ಚು ಎಂದು ಕರೆದವರು ಯಾರೂ ಇರಲಿಲ್ಲ. ಗಂಡಿನ ಕಡೆಯವರ ಉತ್ತರಕ್ಕೆ ಕಾಯದೆ, ಆ ಸಂಜೆ ನಾನೇ ಅಪ್ಪನ ಮುಂದೆ ನಿಂತು, "ನನಗ ಒಪ್ಪಿಗಿ ಐತಿ" ಎಂದೆ.